ಸರ್ ಬಚ್ಚಿಟ್ಟ ನಕ್ಷತ್ರಗಳು

ಶಂಕರಲಿಂಗ ಸರ್‌ಗೆ ಲಕ್ವಾ ಹೊಡೆದು ಮಾತು ನಿಂತಾಗ, ಅವರು ತಮ್ಮ ಶಿಷ್ಯೆಗಾಗಿ ಬಚ್ಚಿಟ್ಟ ನಕ್ಷತ್ರಗಳು ಎಲ್ಲೆಲ್ಲಿವೆ ಎಂಬುದು ಅವರೊಬ್ಬರಿಗೇ ಗೊತ್ತಿತ್ತು.

ಶಿಷ್ಯೆಯ ಹೆಸರು ಮುಬಶೀರಾ. ಇಳಕಲ್ಲಿನವಳು. ತಂದೆ ಜಾಫರಸಾಬ ಅಲ್ಲಿಯ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ಕಲ್ಲಿಗೆ ಪಾಲಿಶ್ ಹಿಡಿಸುವ ಕೆಲಸದ ಮೇಸ್ತ್ರಿ. ಅವಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಚಂದವ್ವ ಎಂಬ ವಿಧವೆಯ ಮನೆಯ ಮಾಳಿಗೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಪಿಎಚ್.ಡಿ.ಗೆ ದುಡಿಯುತ್ತಿದ್ದಳು. ಶಂಕರಲಿಂಗ ಸರ್ ಅವಳ ಗೈಡು. ನಿವೃತ್ತಿಯ ನಂತರ ಅವರು ಹೆಂಡತಿ ನಾಗರತ್ನಾ ಅವರ ತವರೂರಾದ ಬಾದಾಮಿಗೆ ಹೋಗಿ ಬಂಡೆಯ ಬುಡದ ಓಣಿಯಲ್ಲಿ ಮನೆ ಮಾಡಿದ್ದರು. ಮುಬಶೀರಾ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಿ ಮಾಡಿದ ಕೆಲಸ ತೋರಿಸಿ ಬರುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಅಪರೂಪದ ಒಂದು ಬಗೆಯ ಜೋಡಿ ನಕ್ಷತ್ರಗಳನ್ನು. ಜೋಡಿಯಲ್ಲಿ ಒಂದು, ಮುದಿಯಾಗಿ ಊದಿಕೊಂಡ ಕೆಂಪು ನಕ್ಷತ್ರ. ಇನ್ನೊಂದು ಎಂದೋ ಸತ್ತುಹೋದ ನಕ್ಷತ್ರದ ತಿರುಳು. ಅಗಲ ನೋಡಿದರೆ ಇಳಕಲ್ಲಿನಿಂದ ಹೊರಟು ಹುನಗುಂದ ದಾಟಿ ತುಸು ದೂರ ಹೋದಷ್ಟೇ, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಕೆಂಪು ನಕ್ಷತ್ರದ ಮೈಯಿಂದ ಹಾರಿಹೋಗುವ ಗಾಳಿಯನ್ನು ಈ ಸತ್ತದ್ದು ತನ್ನತ್ತ ಎಳೆದುಕೊಳ್ಳುತ್ತದೆ. ಎಳೆದುಕೊಂಡದ್ದು ಅದರ ಮೇಲೆ ಬೀಳುವಾಗ ಎಕ್ಸ್-ರೇ ಹೊಮ್ಮುತ್ತದೆ. ಕೆಲವು ತಾಸುಗಳಿಗೊಮ್ಮೆ ಆ ಬೆಳಕು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ನಿದ್ದೆ ಹೋದವರ ಎದೆಯ ಹಾಗೆ. ಇಡೀ ಆಕಾಶಗಂಗೆಯಲ್ಲಿ ಇಂಥವು ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು. ನಿಜಕ್ಕೂ ಎಷ್ಟಿರಬಹುದು ಎಂದು ಅಂದಾಜು ಮಾಡುವುದು ಮುಬಶೀರಾಳ ಕೆಲಸ. ಅದಕ್ಕಾಗಿ ಅವಳು ಧನು ರಾಶಿಯ ದಿಕ್ಕಿನ ಒಂದು ತುಂಡು ಆಕಾಶವನ್ನು ಆರಿಸಿಕೊಂಡಿದ್ದಳು. ಉಪಗ್ರಹವೊಂದು ಹಲವು ವರ್ಷ ಆ ತುಂಡಿನ ಎಕ್ಸ್-ರೇ ಚಿತ್ರಗಳನ್ನು ತೆಗೆದಿತ್ತು. ಆ ಚಿತ್ರಗಳು ಬೇಕಾದವರಿಗೆಲ್ಲ ಸಿಗುತ್ತಿದ್ದವು.

ಕಂಡದ್ದನ್ನು ಎಣಿಸುವುದು ಸುಲಭ. ಕಾಣದೆ ಉಳಿದದ್ದು ಎಷ್ಟು ಎಂಬುದೇ ತೊಡಕು. ಆ ತೊಡಕಿಗೆ ಸರ್ ಒಂದು ಉಪಾಯ ಮಾಡಿದರು. ಚಿತ್ರಗಳನ್ನು ತಾವೇ ಇಳಿಸಿಕೊಂಡು, ಅವುಗಳಲ್ಲಿ ಅಲ್ಲಲ್ಲಿ ಕೃತಕ ನಕ್ಷತ್ರಗಳನ್ನು ಸೇರಿಸಿ, ಹಾರ್ಡ್ ಡಿಸ್ಕಿನಲ್ಲಿ ಹಾಕಿ ಅವಳಿಗೆ ಕೊಟ್ಟರು. ಖರೆಯವು ಯಾವುವು, ಸುಳ್ಳಿನವು ಯಾವುವು ಎಂಬುದು ಅವಳಿಗೆ ಗೊತ್ತಾಗಕೂಡದು. ಅವರು ಇಟ್ಟದ್ದರಲ್ಲಿ ಅವಳ ಕಣ್ಣಿಗೆ ಬಿದ್ದ ಪಾಲು ಎಷ್ಟೋ, ನಿಜವಾದವುಗಳಲ್ಲೂ ಅಷ್ಟೇ ಪಾಲು ಬಿದ್ದಿರುತ್ತದೆ ಎಂಬುದು ಲೆಕ್ಕ.

“ಒಂದೊಂದು ಕೈಯಿಂದ ಇಟ್ಟೇನಿ, ನಾಟಿ ಮಾಡಿದಂಗ,” ಎಂದಿದ್ದರು ಸರ್. “ಎಷ್ಟು ಅಂತ ಕೇಳಬ್ಯಾಡ. ನೀ ಹುಡುಕಿ ಮುಗಿಸು, ಆಮ್ಯಾಲ ನಾನ ತೆಗೆದು ತೋರಸ್ತೇನಿ.”

ಬೇಸಿಗೆ ಶುರುವಾಗುವ ಹೊತ್ತಿಗೆ ಅವಳ ಹುಡುಕಾಟ ಮುಗಿಯುತ್ತ ಬಂದಿತ್ತು. ಮೊದಲೇ ಗೊತ್ತಿದ್ದ ಎರಡನ್ನು ಬಿಟ್ಟು ಏಳು ಸಿಕ್ಕಿದ್ದವು. ಇಷ್ಟು ಚಿಕ್ಕ ತುಂಡಿನಲ್ಲಿ ಏಳು ಎಂದರೆ ವಿಪರೀತ. ಹಾಗಾಗಿ ಅವೆಲ್ಲ ಸರ್ ಇಟ್ಟವೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಅವುಗಳಲ್ಲಿ ಅವಳಿಗೆ ಸರ್ ಅವರ ಕೈಯೂ ಕಾಣುತ್ತಿತ್ತು. ಎರಡು ನಕ್ಷತ್ರಗಳು ಒಂದರ ಪಕ್ಕ ಒಂದು, ನೋಡಲು ಒಂದೇ ತರಹ, ಉಸಿರು ಮಾತ್ರ ಬೇರೆ ಬೇರೆ. ಪರೀಕ್ಷೆಯಲ್ಲಿ ಒಂದೇ ತರಹದ ಎರಡು ಪ್ರಶ್ನೆ ಕೊಟ್ಟು ಹುಡುಗರನ್ನು ಕೆಡವುವುದು ಸರ್ ಅವರ ಹಳೆಯ ಚಾಳಿ. ಅವೆರಡನ್ನು ಕಂಡ ದಿನ ಮುಬಶೀರಾ ಕೋಣೆಯಲ್ಲಿ ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕಿದ್ದಳು. ಆಮೇಲೆ ಕೆಲಸ ಬೇಸರವಾದಾಗಲೆಲ್ಲ ಆ ಚಿತ್ರ ತೆಗೆದು ಒಮ್ಮೆ ನೋಡುವುದು ಅವಳಿಗೆ ರೂಢಿಯಾಯಿತು. ಗುರುತಿನವರ ಮನೆಯ ಕಿಟಕಿಯಲ್ಲಿ ದೀಪ ಕಂಡಂತೆ ಅನಿಸುತ್ತಿತ್ತು.

ಅಷ್ಟರಲ್ಲಿ ನಾಗರತ್ನಾ ಅವರ ಫೋನ್ ಬಂತು. ಸರ್ ಬಚ್ಚಲಮನೆಯಲ್ಲಿ ಬಿದ್ದಿದ್ದರು. ದವಾಖಾನೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಮತ್ತು ಮಾತು ಹೋದವು.

ಅವರನ್ನು ಮನೆಗೆ ಕರೆತಂದ ಮೇಲೆ ಮುಬಶೀರಾ ಬಾದಾಮಿಗೆ ಹೋದಳು. ಸರ್ ಇಟ್ಟ ನಕ್ಷತ್ರಗಳನ್ನು ಪತ್ತೆ ಮಾಡಲು ಅವರನ್ನು ಕೇಳಲೇಬೇಕು ಎಂದೇನೂ ಇರಲಿಲ್ಲ. ಮೂಲ ಚಿತ್ರಗಳನ್ನು ಇಳಿಸಿಕೊಂಡು, ಸರ್ ಕೊಟ್ಟ ಚಿತ್ರಗಳಿಂದ ಅವನ್ನು ಕಳೆದರೆ, ಉಳಿದದ್ದೆಲ್ಲ ಅವರು ಸೇರಿಸಿದ್ದೇ. ಆದರೆ ತೆಗೆದು ತೋರಿಸುತ್ತೇನೆ ಎಂದು ಅವರು ಹೇಳಿದ್ದರು. ಅವರು ಕುರ್ಚಿಯಲ್ಲಿ ಕುಳಿತು ಉಸಿರಾಡುತ್ತಿರುವಾಗ ಅವರ ಬೆನ್ನ ಹಿಂದೆ ಆ ಕೆಲಸ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ. ಏಳೂ ಜಾಗಗಳಿಗೆ ಕೆಂಪು ಸುತ್ತು ಹಾಕಿ, ಇಡೀ ತುಂಡನ್ನು ದೊಡ್ಡ ಹಾಳೆಯ ಮೇಲೆ ಪ್ರಿಂಟ್ ಮಾಡಿಸಿಕೊಂಡು ಹೊರಟಳು.

ಅವಳು ಮುಟ್ಟಿದಾಗ ಮಧ್ಯಾಹ್ನ. ಓಣಿಯ ತುದಿಗೆ ನಿಂತ ಕೆಂಪು ಬಂಡೆ ಬಿಸಿಲು ಕುಡಿದು ಕಾವು ಉಗುಳುತ್ತಿತ್ತು. ಮಂಗಗಳು ಸೈತ ನೆರಳು ಹಿಡಿದು ಕುಳಿತಿದ್ದವು. ನಾಗರತ್ನಾ ಬಾಗಿಲಲ್ಲೇ ಅವಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು, ದನಿ ತಗ್ಗಿಸಿ ಹೇಳಿದರು. ಸರ್‌ಗೆ ಒಂದೇ ಒಂದು ಮಾತು ಉಳಿದಿದೆ. ಊಟ ಬೇಕೇ ಎಂದರೂ ಅದೇ, ಬೇಡವೇ ಎಂದರೂ ಅದೇ. ಮಿದುಳಿಗೆ ಪೆಟ್ಟಾದವರಲ್ಲಿ ಹೀಗಾಗುತ್ತದೆ, ಅರ್ಥ ಹುಡುಕಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

“ಏನಂತಾರ್ರಿ?” ಎಂದು ಮುಬಶೀರಾ ಕೇಳಿದಳು.

“ಐತಿ ಅಂತಾರ. ಅಷ್ಟ.” ನಾಗರತ್ನಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ನಾವು ಏನರ ಕೇಳಿದಾಗ ಅಂದ್ರ ನಡೀತದ ತಂಗಿ. ಒಬ್ಬರ ಇದ್ದಾಗೂ ಅಂತಾರ. ಗ್ವಾಡಿ ಕಡೆ ನೋಡಿ ಅಂತಾರ. ನಾ ಕುರ್ಚಿ ಈ ಕಡೆ ತಿರುಗಿಸಿ ಇಟ್ಟೆ. ಈ ಕಡೆ ನೋಡಿ ಅನ್ನಾಕತ್ತಿದ್ರು. ನನಗ ಭಾಳ ಅಂಜಿಕಿ ಬಂದದ.”

ಸರ್ ಪಡಸಾಲೆಯಲ್ಲಿದ್ದರು. ಮುಖದ ಒಂದು ಮಗ್ಗಲು ಜಾರಿತ್ತು, ಕಣ್ಣು ಮಾತ್ರ ಅದೇ ಹಳೆಯ ಕಣ್ಣು. ಅವಳನ್ನು ಕಂಡು ಅವು ತುಂಬಿಕೊಂಡವು. ಅವಳು ಸಲಾಂ ಮಾಡಿ, ಅಮೀನಗಡದ ಕರದಂಟಿನ ಪೊಟ್ಟಣ ನಾಗರತ್ನಾ ಅವರ ಕೈಗೆ ಕೊಟ್ಟು, ಹಾಳೆಯನ್ನು ಸರ್ ತೊಡೆಯ ಮೇಲೆ ಬಿಡಿಸಿದಳು. ಕಪ್ಪು ಹಾಳೆ, ಅದರ ತುಂಬ ಬಿಳಿ ಚುಕ್ಕೆ, ಅಲ್ಲಲ್ಲಿ ಕೆಂಪು ಸುತ್ತು. ಮೊದಲ ಸುತ್ತಿನ ಮೇಲೆ ಬೆರಳಿಟ್ಟು ಕೇಳಿದಳು:

“ಸರ್, ಇದು ನೀವಿಟ್ಟದ್ದು ಹೌದಲ್ರಿ?”

“ಐತಿ,” ಎಂದರು ಸರ್.

ಎರಡನೆಯದಕ್ಕೂ ಅದನ್ನೇ ಅಂದರು. ಮೂರನೆಯದಕ್ಕೆ ಬಂದಾಗ ಅವರ ಎಡಗೈ ಎದ್ದು ಹಾಳೆಯ ಮೇಲೆ ಬಂತು. ಅವಳು ಖುಷಿಯಿಂದ ಕಾದಳು. ಬೆರಳು ಸುತ್ತಿನ ಹತ್ತಿರ ಬರಲಿಲ್ಲ. ಏನೂ ಇಲ್ಲದ ಕಪ್ಪು ಜಾಗದಲ್ಲಿ ನಿಂತು ಒತ್ತಿತು. “ಐತಿ.” ಅವಳು ಅವರ ಬೆರಳನ್ನು ಮೆಲ್ಲಗೆ ಎತ್ತಿ ಸುತ್ತಿನ ಮೇಲಿಟ್ಟಳು. ಅದು ಜಾರಿ ಮತ್ತೊಂದು ಖಾಲಿ ಜಾಗಕ್ಕೆ ಹೋಯಿತು. ಬೆವರಿದ ಬೆರಳು ಒತ್ತಿದಲ್ಲೆಲ್ಲ ಪ್ರಿಂಟಿನ ಮಸಿ ಕಲೆಸಿ ಗುರುತು ಬಿದ್ದವು. ಹೀಗೆ ಐದು ಸಲ. ಅವಳು ಮತ್ತೆ ಮತ್ತೆ ಸುತ್ತುಗಳನ್ನೇ ತೋರಿಸಿ ಕೇಳುತ್ತಿದ್ದಂತೆ ಸರ್ ಅವರ ಉಸಿರು ಜೋರಾಯಿತು. ಅವಳ ಮಣಿಕಟ್ಟು ಹಿಡಿದು ಅಲುಗಾಡಿಸಿದರು. ಜಾರಿದ ಬಾಯಿಂದ ಅದೊಂದೇ ಶಬ್ದ ಬರುತ್ತಿತ್ತು, ಒಮ್ಮೆ ಬೇಡಿದಂತೆ, ಒಮ್ಮೆ ಸಿಟ್ಟಿಗೆದ್ದಂತೆ. ಕೊನೆಗೆ ನಾಗರತ್ನಾ ಬಂದು, ಸಾಕು ತಂಗಿ, ಅವರಿಗೆ ದಣಿವಾಗುತ್ತದೆ ಎಂದು ಹಾಳೆಯನ್ನು ಸುತ್ತಿ ಅವಳ ಕೈಗಿತ್ತರು.

ವಾಪಸು ಬರುವಾಗ ರೈಲಿನಲ್ಲಿ ಅವಳಿಗೆ ಅಳು ಬಂತು. ಸರ್ ಇನ್ನು ಆ ಸರ್ ಅಲ್ಲ, ತಾನು ಹೋಗಿ ಅವರನ್ನು ಸುಮ್ಮನೆ ನೋಯಿಸಿದೆ ಎಂದುಕೊಂಡಳು.

ಮುಂದಿನ ಭಾನುವಾರ ಅವಳು ಮೂಲ ಚಿತ್ರಗಳನ್ನು ಇಳಿಸಿಕೊಂಡಳು. ಅದು ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಉರಿಬಿಸಿಲು. ಕೂಲರ್ ಗಡಗಡ ಎನ್ನುತ್ತಿತ್ತು. ಕೆಳಗೆ ಚಂದವ್ವ ಟಿ.ವಿ. ಹಚ್ಚಿಕೊಂಡು ಕುಳಿತಿದ್ದಳು. ಮುಬಶೀರಾ ಸರ್ ಚಿತ್ರದಿಂದ ಮೂಲ ಚಿತ್ರವನ್ನು ಕಳೆದಳು. ಎರಡರಲ್ಲೂ ಇದ್ದದ್ದೆಲ್ಲ ಅಳಿಸಿಹೋಗಿ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು.

ಮೊದಲ ಸುತ್ತಿನ ಜಾಗಕ್ಕೆ ಹೋದಳು. ಅಲ್ಲಿ ಏನೂ ಇರಲಿಲ್ಲ. ಎಲ್ಲೋ ತಪ್ಪಾಯಿತೆಂದು ಮತ್ತೆ ಕಳೆದು ನೋಡಿದಳು. ಏನೂ ಇಲ್ಲ. ಎರಡನೆಯದು ಖಾಲಿ, ಮೂರನೆಯದು ಖಾಲಿ. ಅಕ್ಕಪಕ್ಕದ ಆ ಜೋಡಿಯ ಜಾಗವನ್ನು ಕೊನೆಗೆ ತೆರೆದಳು. ಅದೂ ಖಾಲಿಯೇ. ಏಳರಲ್ಲಿ ಒಂದನ್ನೂ ಸರ್ ಇಟ್ಟಿರಲಿಲ್ಲ. ಅವು ಮೂಲ ಚಿತ್ರದಲ್ಲೇ ಇದ್ದವು. ಉಪಗ್ರಹ ಕಂಡಂತೆ, ಆಕಾಶದಲ್ಲಿ ಇದ್ದಂತೆ.

ಹಾಗಾದರೆ ಸರ್ ಏನನ್ನೂ ಇಟ್ಟೇ ಇರಲಿಲ್ಲವೇ? ಅವಳು ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಹೊಳಪನ್ನು ಏರಿಸುತ್ತ ಹೋದಳು. ಕಪ್ಪಿನೊಳಗಿಂದ ಮೆಲ್ಲಗೆ ಸಾಸಿವೆ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆಗಳ ಗುಂಪುಗಳು ಎದ್ದವು. ಇಲ್ಲೊಂದು, ಅಲ್ಲೊಂದು, ಮೂಲೆಯಲ್ಲಿ ಮೂರು. ಎಣಿಸಿದಾಗ ಮೂವತ್ತರ ಮೇಲಿದ್ದವು. ಎಲ್ಲ ಜಾಗಗಳೂ ಅವಳು ನೂರು ಸಲ ನೋಡಿ, ಇಲ್ಲಿ ಏನೂ ಇಲ್ಲ ಎಂದು ದಾಟಿಹೋದವು. ಸರ್ ಪ್ರಾಮಾಣಿಕವಾಗಿ, ಇಂಥ ನಕ್ಷತ್ರ ಅಷ್ಟು ದೂರದಲ್ಲಿ ಎಷ್ಟು ಮಂದವಾಗಿರಬೇಕೋ ಅಷ್ಟೇ ಮಂದವಾಗಿ ಇಟ್ಟಿದ್ದರು. ಒಂದೂ ಅವಳಿಗೆ ಸಿಕ್ಕಿರಲಿಲ್ಲ.

ಅದರ ಅರ್ಥ ಹೊಳೆಯಲು ಅವಳಿಗೆ ತಡವಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ಇಟ್ಟಲ್ಲಿ ಒಂದೂ ಕಾಣಲಿಲ್ಲ ಎಂದರೆ, ಇದ್ದದ್ದರಲ್ಲಿ ಹತ್ತಕ್ಕೆ ಒಂದನ್ನೂ ಅವಳು ಕಾಣುತ್ತಿಲ್ಲ. ಆದರೂ ಏಳು ಕಂಡಿವೆ. ಹಾಗಾದರೆ ಕಂಡ ಒಂದೊಂದರ ಹಿಂದೆ ಕಾಣದವು ಹತ್ತೋ, ಇಪ್ಪತ್ತೋ, ಇನ್ನೆಷ್ಟೋ ನಿಂತಿವೆ. ಅಪರೂಪವೆಂದು ಹೆಸರಾದದ್ದು ಅಪರೂಪವೇ ಅಲ್ಲ. ಎಲ್ಲೆಡೆ ಇದೆ, ನಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬೇರೆಯದೇ. ಆ ಜೋಡಿಯನ್ನು ನೋಡಿ ಅವಳು ನಕ್ಕಿದ್ದಳು. ಅದರಲ್ಲಿ ಪರಿಚಿತ ಮನುಷ್ಯನೊಬ್ಬನ ಕೈ ಗುರುತಿಸಿದ್ದಳು, ತಿಂಗಳುಗಟ್ಟಲೆ ಅದರ ಜೊತೆ ಮಾತಾಡಿದ್ದಳು. ಅಲ್ಲಿ ಯಾರ ಕೈಯೂ ಇರಲಿಲ್ಲ. ಅಲ್ಲಿದ್ದವು ಎರಡು ಸತ್ತ ನಕ್ಷತ್ರಗಳು, ಮನುಷ್ಯರು ಹುಟ್ಟುವ ಮುಂಚಿನಿಂದಲೂ ತಮ್ಮ ತಮ್ಮ ಜೊತೆಗಾರರನ್ನು ತಿನ್ನುತ್ತ, ಏರುತ್ತ ಇಳಿಯುತ್ತ ಇದ್ದವು.

ಸರ್ ಬೆರಳಿಟ್ಟ ಹಾಳೆ ಆಗ ನೆನಪಾಯಿತು. ಬ್ಯಾಗಿನಿಂದ ತೆಗೆದು ಹಾಸಿಗೆಯ ಮೇಲೆ ಬಿಡಿಸಿದಳು. ಮಸಿ ಕಲೆಸಿದ ಐದು ಗುರುತುಗಳನ್ನು ಒಂದೊಂದಾಗಿ ಪರದೆಗೆ ಹೋಲಿಸಿದಳು. ಮೊದಲ ಗುರುತಿನ ಜಾಗದಲ್ಲಿ ಸಾಸಿವೆಯ ಗುಂಪಿತ್ತು. ಎರಡನೆಯದರಲ್ಲೂ ಇತ್ತು. ಮೂರು, ನಾಲ್ಕನೆಯದರಲ್ಲೂ ಇತ್ತು. ಸರ್ ಅವರಿಗೆ ಏನೂ ಮರೆತಿರಲಿಲ್ಲ. ಅವಳು ಕೇಳಿದ್ದಕ್ಕೆ ಅವರು ನೆಟ್ಟಗೆ ಉತ್ತರ ಕೊಟ್ಟಿದ್ದರು, ಅವಳು ಅವರ ಬೆರಳನ್ನು ಎತ್ತಿ ಎತ್ತಿ ಬೇರೆ ಕಡೆ ಇಟ್ಟಿದ್ದಳು.

ಐದನೆಯ ಗುರುತಿನಲ್ಲಿ ಸರ್ ಏನೂ ಇಟ್ಟಿರಲಿಲ್ಲ. ಮೂಲ ಚಿತ್ರ ತೆಗೆದು ನಕ್ಷತ್ರಗಳ ಪಟ್ಟಿಯೊಂದಿಗೆ ಹೋಲಿಸಿ ನೋಡಿದಳು. ಅಲ್ಲಿ ಒಂದು ಮುದಿ ಕೆಂಪು ನಕ್ಷತ್ರವಿತ್ತು. ಅದರ ಸುತ್ತ ಎಕ್ಸ್-ರೇಯ ಚುಕ್ಕೆಗಳು ಎರಡೋ ಮೂರೋ, ಇದ್ದೂ ಇಲ್ಲದಂತೆ. ಅಷ್ಟರಿಂದ ಯಾರೂ ಏನನ್ನೂ ಹೇಳಲಾಗದು. ರೋಗಿಯ ಕೈ ಜಾರಿರಬಹುದು. ಅವಳು ಬಹಳ ಹೊತ್ತು ಆ ಜಾಗವನ್ನೇ ನೋಡುತ್ತ ಕುಳಿತಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಕೋಣೆಯಲ್ಲಿ ಒಬ್ಬಳೇ ಇರಲಾಗದೆ ಕೆಳಗಿಳಿದು ಹೋಗಿ ಚಂದವ್ವನ ಪಕ್ಕ ಕುಳಿತಳು. ಮಾರಿ ಯಾಕೆ ಬಾಡಿದೆ, ಊರಲ್ಲಿ ಎಲ್ಲ ಆರಾಮಿದ್ದಾರೆಯೇ ಎಂದು ಚಂದವ್ವ ಕೇಳಿದಳು. ಆರಾಮಿದ್ದಾರೆ ಎಂದಳು. ಮುದುಕಿ ಬೇಳೆ ಆರಿಸುತ್ತಿದ್ದ ಮೊರವನ್ನು ಅವಳ ಕಡೆ ಸರಿಸಿದಳು. ಸಂಜೆಯವರೆಗೂ ಇಬ್ಬರೂ ಹರಳು ಹೆಕ್ಕುತ್ತ ಕುಳಿತರು.

ಎರಡನೆಯ ಸಲ ಬಾದಾಮಿಗೆ ಹೋದಾಗ ಅವಳು ಹಾಳೆ ಒಯ್ಯಲಿಲ್ಲ. ಸರ್ ಎದುರಿನ ಚಾಪೆಯ ಮೇಲೆ ಕುಳಿತು, ಅವರ ಎಡಗೈ ಹಿಡಿದುಕೊಂಡಳು.

“ಸರ್, ನೀವಿಟ್ಟದ್ರಾಗ ಒಂದೂ ನನಗ ಸಿಗಲಿಲ್ರಿ.”

ಸರ್ ನಕ್ಕರು. ಬಾಯಿಯ ಅರ್ಧ ಭಾಗ ಮಾತ್ರ ನಕ್ಕಿತು, ಹೊಟ್ಟೆ ಪೂರ್ತಿ ಅಲುಗಾಡಿತು. ಲಕ್ವಾ ಹೊಡೆದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ನಾಗರತ್ನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಮುಬಶೀರಾ ಕೂಡ ನಗುತ್ತ, ಸರ್ ಅವರ ಕೈಯ ಮೇಲೆ ಹಣೆಯಿಟ್ಟು ತಪ್ಪಾಯಿತು ಎಂದಳು. ಆಮೇಲೆ ತಲೆಯೆತ್ತಿ ಉಳಿದದ್ದನ್ನು ಹೇಳಿದಳು.

“ನಾ ತೋರಿಸಿದ ಏಳೂ ನಿಮ್ಮವಲ್ರಿ ಸರ್. ಅವು ಖರೇನ ಅದಾವ.”

ನಗು ನಿಂತಿತು. ಸರ್ ಅವಳ ಮುಖ ನೋಡಿದರು. ತುಟಿ ಅಲುಗಿತು, ಶಬ್ದ ಬರಲಿಲ್ಲ. ಅವಳು ಕಾದಳು, ನಾಗರತ್ನಾ ಕಾದರು. ಸರ್ ಮೆಲ್ಲಗೆ ಕಣ್ಣು ತಿರುಗಿಸಿ ಹಿತ್ತಿಲ ಬಾಗಿಲಿನತ್ತ ನೋಡಿದರು. ಬಾಗಿಲಿನ ತುಂಬ ಕೆಂಪು ಬಂಡೆಯೊಂದೇ ಇತ್ತು. ಅವರು ಏನೂ ಅನ್ನಲಿಲ್ಲ.

“ಈಗ್ಯಾಕ ಸುಮ್ಮನಾದ್ರು?” ಎಂದರು ನಾಗರತ್ನಾ.

ಆ ದಿನದಿಂದ ಸರ್ ‘ಐತಿ’ ಎಂಬ ಆ ಮಾತನ್ನು ಮತ್ತೆ ಆಡಲಿಲ್ಲ. ನಾಗರತ್ನಾ ಫೋನಿನಲ್ಲಿ ಪ್ರತಿ ವಾರ ಅದನ್ನೇ ಹೇಳುತ್ತಿದ್ದರು. ಮೊದಲು ಅಂದಾಗ ಅಂಜಿಕೆಯಾಗುತ್ತಿತ್ತು, ಈಗ ಅನ್ನದೆ ಹಾಗೇ ಗೋಡೆ ನೋಡುತ್ತಾರೆ, ಇದು ಅದಕ್ಕಿಂತ ಕಠಿಣ ಎನ್ನುತ್ತಿದ್ದರು. ಶ್ರಾವಣದಲ್ಲಿ, ಒಂದು ದಿನ ಬೆಳಗಿನ ಚಹಾ ಕುಡಿಯುತ್ತಿದ್ದಂತೆಯೇ ಸರ್ ಹೋದರು. ಜಾಫರಸಾಬ ಮಗಳ ಜೊತೆ ಬಾದಾಮಿಗೆ ಬಂದು ಮಣ್ಣು ಮಾಡುವಾಗ ಜೊತೆಗೆ ನಿಂತ. ಹುನಗುಂದದ ಬಸ್ ಹತ್ತುವಾಗ ಅವಳ ತಲೆಯ ಮೇಲೆ ಕೈಯಿಟ್ಟು ಹೋದ.

ದೂರದ ದೇಶವೊಂದರ ಪರ್ವತದ ಮೇಲಿನ ದೂರದರ್ಶಕದವರು ಅವಳ ಏಳರಲ್ಲಿ ಐದನ್ನು ಪರೀಕ್ಷಿಸಿ ನೋಡಿದರು. ನಾಲ್ಕು ನಿಸ್ಸಂಶಯವಾಗಿ ಅಂಥವೇ ಎಂದು ತಿಳಿಸಿದರು. ಆ ನಾಲ್ಕರಲ್ಲಿ ಅಕ್ಕಪಕ್ಕದ ಜೋಡಿಯ ಎರಡೂ ಇದ್ದವು. ಒಂದರ ಪಕ್ಕ ಒಂದು ಎಂದು ಕಂಡವು ನಿಜಕ್ಕೂ ಒಂದರ ಹಿಂದೆ ಒಂದು, ನಡುವೆ ಸಾವಿರಾರು ಜ್ಯೋತಿರ್ವರ್ಷ. ಪ್ರಬಂಧವನ್ನು ಅವಳು ಸರ್ ಹೆಸರು ಮುಂದೆ ಹಾಕಿ ಸಂಶೋಧನಾ ಪತ್ರಿಕೆಯೊಂದಕ್ಕೆ ಕಳಿಸಿದಳು. ಆಕಾಶಗಂಗೆಯಲ್ಲಿ ಇಂಥವು ಕಡಿಮೆಯೆಂದರೂ ಹತ್ತಾರು ಸಾವಿರ ಇರಬೇಕು ಎಂದು ಅದರಲ್ಲಿತ್ತು. ಐದನೆಯ ಗುರುತಿನ ಮಾತನ್ನು ಅವಳು ಬರೆಯಲಿಲ್ಲ.

ಪತ್ರಿಕೆಯವರು ಒಂದು ತಿದ್ದುಪಡಿ ಕೇಳಿದರು. ಕಡಿಮೆಯೆಂದರೆ ಎಷ್ಟು ಎಂದು ಹೇಳಿದ್ದೀರಿ, ಹೆಚ್ಚೆಂದರೆ ಎಷ್ಟು ಎಂಬ ಸಂಖ್ಯೆಯನ್ನೂ ಕೊಡಿ ಎಂದರು. ಅವಳು ರಜೆಯಲ್ಲಿ ಇಳಕಲ್ಲಿನ ಮನೆಯಲ್ಲಿ ಕುಳಿತು ಪ್ರಯತ್ನಿಸಿದಳು. ಒಂದು ಸಂಖ್ಯೆ ಬರೆದಳು. ಅದನ್ನು ಸಮರ್ಥಿಸಬಲ್ಲ ಕಾರಣ ಒಂದೂ ಸಿಗಲಿಲ್ಲ. ಅದರ ಹತ್ತು ಪಟ್ಟು ಬರೆದಳು, ಅದಕ್ಕೂ ಸಿಗಲಿಲ್ಲ. ಬೀದಿಯ ಆಚೆ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಗರಗಸದ ಸದ್ದು ಬರುತ್ತಿತ್ತು. ತಾಯಿ ಜುಲೇಖಾ ಎರಡು ಸಲ ಊಟಕ್ಕೆ ಕರೆದು ಹೋದಳು. ಕೊನೆಗೆ ಮುಬಶೀರಾ ಎರಡನ್ನೂ ಅಳಿಸಿದಳು. ನಮ್ಮ ಬಳಿ ಇರುವ ಮಾಹಿತಿಯಿಂದ ಮೇಲಿನ ಮಿತಿಯನ್ನು ಹೇಳಲು ಬರುವುದಿಲ್ಲ ಎಂದು ಒಂದು ಸಾಲು ಬರೆದು ಕಳಿಸಿ, ಕೈತೊಳೆದು ಊಟಕ್ಕೆ ಒಳಗೆ ಹೋದಳು.